ಮೊದಲು ಇಳಿಜಾರು ಅಳೆಯುತ್ತೇನೆ: ಕ್ಯಾಸ್ಕೇಡ್ ಹಿಮದಲ್ಲಿ ನನ್ನ ಅನುಭವ

ಸ್ಕೀ ರೆಸಾರ್ಟಿನ ಲಿಫ್ಟ್ ಬಿಟ್ಟು, ಸ್ಕೀ ಅಡಿಗೆ ಹಿಂದಕ್ಕೆ ಜಾರದಂತೆ ಹಿಡಿಯುವ ಸ್ಕಿನ್ ಅನ್ನುವ ಪಟ್ಟಿ ಅಂಟಿಸಿಕೊಂಡು, ಸ್ವಂತ ಕಾಲಿನ ಬಲದಲ್ಲಿ ಬೆಟ್ಟ ಹತ್ತಿ ಇಳಿಯುವುದು ನನ್ನ ಚಳಿಗಾಲದ ಹವ್ಯಾಸ. ಇದನ್ನು ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಅನ್ನುತ್ತಾರೆ. ನಾನಿರುವುದು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ. ಕ್ಯಾಸ್ಕೇಡ್ ಬೆಟ್ಟಸಾಲಿನ ನಡುವಿನ ಕಣಿವೆದಾರಿಯಾದ ಸ್ನೋಕ್ವಾಲ್ಮಿ ಪಾಸ್ ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ. ಈ ಕಡೆ ಕನ್ನಡದವರು ತುಂಬಾ ಜನ ಇದ್ದೇವೆ. ನಮ್ಮವರಲ್ಲೂ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿಗೆ ಕಟ್ಟುವ ಅಗಲದ ಚೌಕಟ್ಟು) ಹಾಕಿಕೊಂಡು ನಡೆಯುವವರು, ಸ್ಕೀ ಕಲಿತು ಬೆಟ್ಟದ ಆಚೆ ಹೋಗಬೇಕು ಅನ್ನುವವರು ಜಾಸ್ತಿಯಾಗುತ್ತಿದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಹಿಮ ಗಟ್ಟಿ ಇದೆಯಾ, ಜಾರುತ್ತಾ ಅಂತ ಹೇಗೆ ಗೊತ್ತಾಗುತ್ತೆ?"

ಅವರ ಭಯ ಹಿಮಕುಸಿತದ್ದು, ಅಂದರೆ ಇಳಿಜಾರಿನ ಹಿಮ ಕಿತ್ತು ಜಾರಿ ಬರುವುದು. ಪೂರ್ತಿಯಾಗಿ ಗೊತ್ತಾಗುವುದಿಲ್ಲ. ಹಿಮದ ಒಳಗೆ ಏನಿದೆ ಅನ್ನುವುದು ಹತ್ತು ಹೆಜ್ಜೆಗೊಮ್ಮೆ ಬದಲಾಗುತ್ತದೆ. ಆದರೆ ಇಳಿಜಾರು ಎಷ್ಟು ಡಿಗ್ರಿ ಇದೆ ಅನ್ನುವುದನ್ನು ಅಳೆಯಬಹುದು. ಅದು ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ. ಹಾಗಾಗಿ ನಾನು ಓಡಾಡುವ ರೀತಿ ಎಲ್ಲಾ ಆ ಒಂದು ಅಳತೆಯ ಮೇಲೆ ನಿಂತಿದೆ. ಹಿಮದ ಬಗ್ಗೆ ಅನುಮಾನ ಇದ್ದ ದಿನ 30 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲಿ ಇರುತ್ತೇನೆ. ಮೇಲ್ಗಡೆ ಕಡಿದಾದ ಇಳಿಜಾರು ಇರುವ ಜಾಗದ ಕೆಳಗೂ ನಿಲ್ಲುವುದಿಲ್ಲ.

ಯಾಕೆ 30 ಅಂದರೆ, ಜನರನ್ನು ಕೊಲ್ಲುವ ಹಿಮಕುಸಿತಗಳು ಹೆಚ್ಚಾಗಿ ಸ್ಲ್ಯಾಬ್ ಜಾತಿಯವು. ಮೇಲೆ ಒಂದಕ್ಕೊಂದು ಅಂಟಿಕೊಂಡ ಹಿಮದ ದಪ್ಪ ಹಲಗೆ, ಅದರ ಕೆಳಗೆ ಒಂದು ಬಲವಿಲ್ಲದ ಪದರ. ಸ್ಕೀ ಮಾಡುವವರ ಭಾರ ಬಿದ್ದಾಗ ಆ ಪದರ ಒಂದು ಕಡೆ ಕುಸಿಯುತ್ತದೆ. ಕುಸಿತ ಅಡಿಯಲ್ಲೇ ಸರಸರನೆ ಹರಡಿ, ಇಡೀ ಹಲಗೆ ಕಿತ್ತುಕೊಂಡು ಹೊರಡುತ್ತದೆ. ಅದು ಜಾರಬೇಕಾದರೆ ಇಳಿಜಾರು ಸಾಕಷ್ಟು ಇರಬೇಕು. 30ರಿಂದ 45 ಡಿಗ್ರಿ ನಡುವೆ ಇದು ಹೆಚ್ಚು, 38ರ ಆಸುಪಾಸಿನಲ್ಲಿ ಅತಿ ಹೆಚ್ಚು. ಸ್ಕೀ ಮಾಡುವವರಿಗೆ ಅತ್ಯಂತ ಖುಷಿ ಕೊಡುವ ಇಳಿಜಾರು ಕೂಡ ಅದೇ. ತೊಂದರೆ ಇರುವುದು ಅಲ್ಲೇ. ಇನ್ನೊಂದು ವಿಷಯ ಹೊಸಬರಿಗೆ ಆಶ್ಚರ್ಯ ಅನಿಸುತ್ತದೆ. ಹಿಮಕುಸಿತ ತಾನಾಗಿ ಬಂದು ಸಿಕ್ಕವರ ಮೇಲೆ ಬೀಳುವುದು ಕಡಿಮೆ. ಸತ್ತವರ ಲೆಕ್ಕ ನೋಡಿದರೆ ಹತ್ತರಲ್ಲಿ ಒಂಬತ್ತು ಕಡೆ ಅದನ್ನು ಶುರು ಮಾಡಿದ್ದು ಸಿಕ್ಕಿಕೊಂಡವರೇ, ಇಲ್ಲವೇ ಅವರ ತಂಡದವರೇ. ಅಂದರೆ ನಾವು ಎಲ್ಲಿ ಕಾಲಿಡುತ್ತೇವೆ ಅನ್ನುವುದು ಬಹಳ ಮುಖ್ಯ.

ಕ್ಯಾಸ್ಕೇಡ್ ಬೆಟ್ಟಗಳ ಹಿಮದ ಸ್ವಭಾವ ಸ್ವಲ್ಪ ಹೇಳಬೇಕು. ಇಲ್ಲಿ ಪೆಸಿಫಿಕ್ ಸಮುದ್ರದ ತೇವ ನೇರವಾಗಿ ಬಂದು ಬೆಟ್ಟಕ್ಕೆ ಬಡಿಯುತ್ತದೆ. 1998-99ರ ಚಳಿಗಾಲದಲ್ಲಿ ಮೌಂಟ್ ಬೇಕರ್ ಸ್ಕೀ ಪ್ರದೇಶದಲ್ಲಿ 1,140 ಇಂಚು ಹಿಮ ಬಿತ್ತು. ಒಂದು ಋತುವಿನ ಹಿಮದಲ್ಲಿ ಅದು ವಿಶ್ವ ದಾಖಲೆ. ಇಲ್ಲಿನ ಹಿಮ ಭಾರವಾದದ್ದು, ಒದ್ದೆ. ಬಿರುಗಾಳಿ ಬಂದ ದಿನ ಮತ್ತು ಅದರ ಮಾರನೇ ದಿನ ಅಪಾಯ ಜೋರಾಗಿರುತ್ತದೆ. ಆಮೇಲೆ ಎರಡು ಮೂರು ದಿನದಲ್ಲಿ ಹೊಸ ಹಿಮ ಕೆಳಗಿನದಕ್ಕೆ ಸಾಮಾನ್ಯವಾಗಿ ಕಚ್ಚಿಕೊಳ್ಳುತ್ತದೆ. ಆದರೆ ಯಾವಾಗಲೂ ಹಾಗೆ ಅಂತ ನಂಬಿ ಕೂರುವಂತಿಲ್ಲ. ಜನವರಿಯಲ್ಲಿ ಒಂದು ವಾರ ಆಕಾಶ ತಿಳಿಯಾಗಿ, ರಾತ್ರಿ ಚಳಿ ಬಿಗಿದರೆ ಮೇಲ್ಮೈ ಮೇಲೆ ಗರಿಗಳಂಥ ಹರಳು ಬೆಳೆಯುತ್ತವೆ. ನೋಡಲು ಬಹಳ ಚೆಂದ. ಅದರ ಮೇಲೆ ಮುಂದಿನ ಬಿರುಗಾಳಿಯ ಹಿಮ ಬಿದ್ದರೆ ಆ ಪದರ ವಾರಗಟ್ಟಲೆ ಒಳಗೇ ಉಳಿದುಕೊಳ್ಳಬಹುದು. ಪರ್ವತಗಳ ಪೂರ್ವ ಬದಿಯಲ್ಲಿ ಹಿಮ ತೆಳು, ಚಳಿ ಜಾಸ್ತಿ. ಅಲ್ಲಿ ತಳದ ಹಿಮ ಒಂದಕ್ಕೊಂದು ಅಂಟದೆ ಸಕ್ಕರೆಯಂತೆ ಕೈಯಿಂದ ಉದುರುತ್ತದೆ. ಅಂಥ ಹಿಮದ ಮೇಲೆ ನಿಂತಿರುವುದು ಏನೇ ಆದರೂ ನನಗೆ ನಂಬಿಕೆ ಇಲ್ಲ.

ಹೊಸ ಹಿಮದ ಮೇಲೆ ಮಳೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿ ದೊಡ್ಡ ಉದಾಹರಣೆಯೇ ಇದೆ. 1910ರ ಫೆಬ್ರವರಿ ಕೊನೆಯಲ್ಲಿ ಸ್ಟೀವನ್ಸ್ ಪಾಸ್ ಹತ್ತಿರದ ವೆಲಿಂಗ್ಟನ್ ಅನ್ನುವ ರೈಲ್ವೆ ಊರಿನಲ್ಲಿ ಎರಡು ರೈಲುಗಳು ಹಿಮದಿಂದಾಗಿ ದಿನಗಟ್ಟಲೆ ನಿಂತುಹೋಗಿದ್ದವು. ಮೇಲಿನ ಇಳಿಜಾರಿನ ಕಾಡು ಅದಕ್ಕೂ ಮೊದಲೇ ಬೆಂಕಿಗೆ ಸುಟ್ಟುಹೋಗಿತ್ತು. ಹಿಮ ನಿಂತು ಮಳೆ, ಗುಡುಗು ಶುರುವಾಯಿತು. ಮಾರ್ಚ್ 1ರ ನಸುಕಿನಲ್ಲಿ ಇಡೀ ಇಳಿಜಾರು ಕಿತ್ತು ಬಂದು ರೈಲುಗಳನ್ನು ಕೆಳಗಿನ ಟೈ ನದಿಯ ಕಣಿವೆಗೆ ತಳ್ಳಿತು. 96 ಜನ ಸತ್ತರು. ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹಿಮಕುಸಿತ ಅದು. ಆ ಹಳೆಯ ರೈಲು ದಾರಿಯಲ್ಲಿ ಈಗ ಐರನ್ ಗೋಟ್ ಟ್ರೈಲ್ ಇದೆ. ಬೇಸಿಗೆಯಲ್ಲಿ ಊರಿನಿಂದ ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಇಳಿಜಾರು, ಕಣಿವೆ ಎರಡನ್ನೂ ಒಟ್ಟಿಗೆ ನೋಡಿದರೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ.

ಈಗ ನನ್ನ ಪದ್ಧತಿಗೆ ಬರುತ್ತೇನೆ. ಕೆಲಸ ಶುರುವಾಗುವುದು ಹಿಂದಿನ ಸಂಜೆ, ಅಡುಗೆಮನೆಯ ಮೇಜಿನ ಮೇಲೆ.

ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಅನ್ನುವ ಸಂಸ್ಥೆ ಚಳಿಗಾಲ ಪೂರ್ತಿ ದಿನಾ ಸಂಜೆ ಮಾರನೇ ದಿನದ ಮುನ್ಸೂಚನೆ ಕೊಡುತ್ತದೆ. ಸ್ಟೀವನ್ಸ್ ಪಾಸ್‌ಗೆ ಬೇರೆ, ಸ್ನೋಕ್ವಾಲ್ಮಿಗೆ ಬೇರೆ, ಪೂರ್ವ ಬದಿಗೆ ಬೇರೆ. ಅಪಾಯಕ್ಕೆ 1ರಿಂದ 5ರವರೆಗೆ ಅಂಕಿ ಇರುತ್ತದೆ. ತುಂಬಾ ಜನ ಆ ಅಂಕಿ ನೋಡಿ ಪುಟ ಮುಚ್ಚಿಬಿಡುತ್ತಾರೆ. ನನಗೆ ಅದರ ಕೆಳಗಿನ ಬರಹವೇ ಹೆಚ್ಚು ಬೇಕು. ಸಮಸ್ಯೆ ಯಾವ ಜಾತಿಯದು? ಹೊಸ ಬಿರುಗಾಳಿಯ ಸ್ಲ್ಯಾಬಾ, ಗಾಳಿ ಕೂಡಿಸಿದ ಸ್ಲ್ಯಾಬಾ, ಒಳಗೆ ಉಳಿದ ಹಳೆಯ ಪದರವಾ, ಒದ್ದೆ ಹಿಮವಾ? ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರು, ಎಷ್ಟು ಎತ್ತರದಲ್ಲಿ? ಜಾರಿದರೆ ಎಷ್ಟು ದೊಡ್ಡದು? ಗಾತ್ರಕ್ಕೂ ಅಂಕಿ ಇದೆ, 2 ಅಂದರೇ ಮನುಷ್ಯರನ್ನು ಹೂತು ಕೊಲ್ಲುವಷ್ಟು. ಗಾಳಿ ಕೂಡಿಸಿದ ಹಿಮ ಆದರೆ ಅದು ಎಲ್ಲಿ ಕೂತಿದೆ ಅಂತ ಕಣ್ಣಿಗೆ ಕಾಣುತ್ತದೆ, ಸುತ್ತು ಹಾಕಿ ಹೋಗಬಹುದು. ಒಳಗಿನ ಹಳೆಯ ಪದರ ಆದರೆ ಮೇಲಿನಿಂದ ಏನೂ ಕಾಣುವುದಿಲ್ಲ. ಆ ದಿನ ನಾನು ಚರ್ಚೆಗೇ ಹೋಗುವುದಿಲ್ಲ, ಕಡಿಮೆ ಇಳಿಜಾರಿನ ಜಾಗ ಆರಿಸುತ್ತೇನೆ.

ಅಂಕಿ 3ರ ಬಗ್ಗೆ ಒಂದು ಮಾತು. ಅದನ್ನು ಇಲ್ಲಿ ಕನ್ಸಿಡರಬಲ್ ಅನ್ನುತ್ತಾರೆ. ಐದರಲ್ಲಿ ಮೂರು ಅಂದರೆ ಮಧ್ಯಮ, ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಅದರ ಅರ್ಥ, ಮನುಷ್ಯರ ಭಾರಕ್ಕೆ ಹಿಮ ಜಾರುವ ಸಾಧ್ಯತೆ ಹೆಚ್ಚು ಅಂತ. 4, 5 ಇದ್ದಾಗ ಜನ ಮನೆಯಲ್ಲಿರುತ್ತಾರೆ. 3 ಇದ್ದಾಗ ಹೊರಡುತ್ತಾರೆ. ಸಾವುಗಳು ಹೆಚ್ಚಾಗಿ ಆಗುವುದೂ ಈ ಮಟ್ಟದಲ್ಲೇ.

ಮುನ್ಸೂಚನೆ ಓದಿದ ಮೇಲೆ ನಕ್ಷೆ. ಕ್ಯಾಲ್‌ಟೋಪೋ ಅನ್ನುವ ನಕ್ಷೆಯಲ್ಲಿ ಇಳಿಜಾರಿಗೆ ಬಣ್ಣ ಹಚ್ಚಿ ನೋಡಬಹುದು. 27 ಡಿಗ್ರಿಯಿಂದ ಹಳದಿ ಶುರು, 35 ದಾಟಿದರೆ ಕೆಂಪು. ಹತ್ತುವ ದಾರಿ, ಇಳಿಯುವ ದಾರಿ ಎರಡನ್ನೂ ಅದರ ಮೇಲೆ ಎಳೆಯುತ್ತೇನೆ. ನಾನು ನಡೆಯುವ ಗೆರೆಗೆ ಬಣ್ಣ ಇಲ್ಲದಿದ್ದರೆ ಸಾಲದು. ಗೆರೆಯ ಮೇಲ್ಗಡೆ ಕೆಂಪು ಇದೆಯಾ ಅಂತ ನೋಡಬೇಕು. ಮೇಲಿನದು ಕಿತ್ತು ಬಂದರೆ ಕೆಳಗೆ ಸಮತಟ್ಟಿನಲ್ಲಿ ನಿಂತವರ ಮೇಲೆಯೇ ಬರುತ್ತದೆ. ಕೆಲವು ದಿನ ಕೆಳಗಿನಿಂದ ನಡೆದುಹೋದರೂ ಕುಸಿತ ಅಡಿಯಲ್ಲಿ ಹರಡಿ ಮೇಲಿನ ಇಳಿಜಾರನ್ನು ಕೀಳಿಸುತ್ತದೆ. ಹಾಗೇ, ಇಳಿಜಾರಿನ ಕೊನೆಯಲ್ಲಿ ಏನಿದೆ? ತೊರೆಯ ಕೊರಕಲು ಇದ್ದರೆ ಸ್ವಲ್ಪ ಹಿಮವೂ ಆಳವಾಗಿ ಹೂತುಬಿಡುತ್ತದೆ. ಮರಗಳಿದ್ದರೆ ಅಪ್ಪಳಿಸುತ್ತದೆ. ಹಿಮಕುಸಿತದಲ್ಲಿ ಸತ್ತವರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಉಸಿರುಗಟ್ಟಿ ಸತ್ತವರಲ್ಲ, ಪೆಟ್ಟಿನಿಂದ ಸತ್ತವರು.

ನಕ್ಷೆಗೂ ಮಿತಿ ಇದೆ. ಹತ್ತು ಹದಿನೈದು ಅಡಿಯ ಸಣ್ಣ ದಿಬ್ಬ, ಮರಗಳ ನಡುವಿನ ಸಣ್ಣ ಕಡಿದಾದ ಜಾಗ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಕೈಯಲ್ಲಿ ಅಳೆಯುವ ಸಾಧನ ಇಟ್ಟುಕೊಂಡಿರುತ್ತೇನೆ. ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಇಟ್ಟರೆ ಡಿಗ್ರಿ ಗೊತ್ತಾಗುತ್ತದೆ. ಮೊದಲ ವರ್ಷ ಕಂಡ ಕಂಡ ಇಳಿಜಾರನ್ನೆಲ್ಲಾ ಮೊದಲು ಕಣ್ಣಂದಾಜಿನಲ್ಲಿ ಹೇಳಿ, ಆಮೇಲೆ ಅಳೆಯುತ್ತಿದ್ದೆ. ಕಣ್ಣು ಹೀಗೇ ಪಳಗುತ್ತದೆ.

ಕೊನೆಗೆ ತಂಡದ ಎಲ್ಲರಿಗೂ ಸಂದೇಶ ಕಳಿಸುತ್ತೇನೆ. ಎಲ್ಲಿಗೆ, ಯಾವ ಗೆರೆ, ಎಷ್ಟು ಗಂಟೆಗೆ ವಾಪಸ್, ಮತ್ತು ನಾಳೆ ಯಾವ ಇಳಿಜಾರಿಗೆ ಕಾಲಿಡುವುದಿಲ್ಲ. ಈ ಕೊನೆಯದನ್ನು ಬರೆದು ಕಳಿಸುವುದು ನನಗೆ ತುಂಬಾ ಮುಖ್ಯ. ಬೆಟ್ಟದ ತುದಿಯಲ್ಲಿ ಬಿಸಿಲು ಬಿದ್ದು, ಮುಂದೆ ಯಾರೂ ಮುಟ್ಟದ ಹಿಮ ಕಂಡಾಗ ಮನಸ್ಸು ಬದಲಾಗುತ್ತದೆ. ಅಡುಗೆಮನೆಯಲ್ಲಿ ಕೂತಾಗ ಆ ಸೆಳೆತ ಇರುವುದಿಲ್ಲ. ನಮ್ಮ ತಂಡದ ನಿಯಮ ಇದು: ಹಿಂದಿನ ರಾತ್ರಿ ಬೇಡ ಅಂದದ್ದನ್ನು ಬೆಟ್ಟದ ಮೇಲೆ ಬೇಕು ಮಾಡುವಂತಿಲ್ಲ. ಬೇಕು ಅಂದದ್ದನ್ನು ಬೇಡ ಮಾಡಬಹುದು.

ಬೆಳಿಗ್ಗೆ ಕಾರ್ ನಿಲ್ಲಿಸಿದ ಜಾಗದಲ್ಲಿ ಟ್ರಾನ್ಸೀವರ್ ಪರೀಕ್ಷೆ. ಇದು ಮೈಗೆ ಕಟ್ಟಿಕೊಳ್ಳುವ ಸಣ್ಣ ಸಾಧನ, 457 ಕಿಲೋಹರ್ಟ್ಜ್‌ನಲ್ಲಿ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕ್ರಮಕ್ಕೆ ಹಾಕಿ ಆ ಸಂಕೇತ ಹಿಡಿಯುತ್ತಾರೆ. ಒಬ್ಬರು ಮುಂದೆ ನಿಲ್ಲುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ದಾಟುತ್ತಾರೆ. ಕಳಿಸುವುದೂ ನೋಡುತ್ತೇವೆ, ಹಿಡಿಯುವುದೂ ನೋಡುತ್ತೇವೆ. ಫೋನು ಟ್ರಾನ್ಸೀವರಿನಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇರಬೇಕು, ಹುಡುಕುವಾಗ 50. ಕೈ ಬಿಸಿ ಮಾಡುವ ಬ್ಯಾಟರಿ ಗ್ಲೌಸ್ ಕೂಡ ಸಂಕೇತ ಕೆಡಿಸುತ್ತವೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಚೀಲದಲ್ಲಿ ಮಡಚುವ ಉದ್ದನೆಯ ಕಡ್ಡಿ, ಅಂದರೆ ಪ್ರೋಬ್, ಮತ್ತು ಲೋಹದ ಸಲಿಕೆ ಇದೆಯಾ ನೋಡುತ್ತೇವೆ. ಪ್ಲಾಸ್ಟಿಕ್ ಸಲಿಕೆ ತಂದವರನ್ನು ನಾನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ. ಕುಸಿದು ನಿಂತ ಹಿಮ ಕೂಡಲೇ ಬಿಗಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಮುರಿಯುತ್ತದೆ.

ಹತ್ತುವಾಗ ಕಣ್ಣು, ಕಿವಿ, ಕಾಲು ಮೂರೂ ಕೆಲಸ ಮಾಡಬೇಕು. ಎದುರು ಇಳಿಜಾರಿನಲ್ಲಿ ಇತ್ತೀಚೆಗೆ ಏನಾದರೂ ಜಾರಿದೆಯಾ? ಇದಕ್ಕಿಂತ ದೊಡ್ಡ ಸುಳಿವು ಇಲ್ಲ. ಕಾಲಡಿ ಹಿಮ ಧಪ್ಪೆಂದು ಕುಳಿತ ಸದ್ದು ಬಂತಾ? ಸ್ಕೀ ಮುಂದೆ ಬಿರುಕು ಓಡಿತಾ? ಕಳೆದ 24 ಗಂಟೆಯಲ್ಲಿ ಒಂದು ಅಡಿಗಿಂತ ಹೆಚ್ಚು ಹಿಮ ಬಿದ್ದಿದೆಯಾ? ಶಿಖರದಿಂದ ಹಿಮ ಹೊಗೆಯಂತೆ ಹಾರುತ್ತಿದೆಯಾ? ಹಾರುತ್ತಿದ್ದರೆ ಗಾಳಿ ಅದನ್ನು ಆಚೆ ಬದಿಯಲ್ಲಿ ಕೂಡಿಸುತ್ತಿದೆ. ಬಿಸಿ ಏಕಾಏಕಿ ಏರಿತಾ? ಸ್ನೋಕ್ವಾಲ್ಮಿಯಲ್ಲಿ ಈ ಕೊನೆಯದನ್ನು ವಿಶೇಷವಾಗಿ ನೋಡುತ್ತೇನೆ. ಅಲ್ಲಿ ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ತಣ್ಣನೆ ಗಾಳಿ ಪಾಸಿನ ಮೂಲಕ ಬೀಸುತ್ತಿರುತ್ತದೆ, ಹಿಮ ಬೀಳುತ್ತಿರುತ್ತದೆ. ಗಾಳಿ ಪಶ್ಚಿಮಕ್ಕೆ ತಿರುಗಿದ ತಕ್ಷಣ ಬಿಸಿ ಏರಿ ಹಿಮ ಹೋಗಿ ಮಳೆಯಾಗುತ್ತದೆ. ತಣ್ಣನೆಯ ಹಗುರ ಹಿಮದ ಮೇಲೆ ಭಾರದ ನೀರು. ಪಾಸಿನ ಹವಾಮಾನ ಕೇಂದ್ರದ ಉಷ್ಣತೆ, ಗಾಳಿಯ ದಿಕ್ಕು ಫೋನಿನಲ್ಲೇ ಸಿಗುತ್ತವೆ. ಆ ತಿರುವು ಬರುವ ಮುನ್ಸೂಚನೆ ಇದ್ದರೆ ಅದಕ್ಕೆ ಮೊದಲೇ ಕೆಳಗೆ ಇಳಿದಿರುತ್ತೇನೆ.

ಹಿಮ ಅಗೆದು ಪದರ ನೋಡುವುದನ್ನು ಕೋರ್ಸಿನಲ್ಲಿ ಕಲಿಸುತ್ತಾರೆ. 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಒಂದು ಕಂಬ ಕತ್ತರಿಸಿ, ಒಂದು ತುದಿಗೆ ಸಲಿಕೆ ಇಟ್ಟು ತಟ್ಟುತ್ತೇವೆ. ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಒಂದು ತುದಿಯಲ್ಲಿ ಶುರುವಾದ ಬಿರುಕು ಕಂಬದ ಆ ತುದಿವರೆಗೂ ಓಡಿದರೆ ಕೆಟ್ಟ ಸುದ್ದಿ. ನಾನು ಇದನ್ನು ಈಗಲೂ ಮಾಡುತ್ತೇನೆ. ಆದರೆ ಇದರಿಂದ ಸಿಗುವ ಕೆಟ್ಟ ಸುದ್ದಿಯನ್ನು ಮಾತ್ರ ನಂಬುತ್ತೇನೆ. ಬಿರುಕು ಓಡಲಿಲ್ಲ ಅಂದ ಮಾತ್ರಕ್ಕೆ ಐವತ್ತು ಮೀಟರ್ ಆಚೆಯ ಇಳಿಜಾರು ಗಟ್ಟಿ ಅಂತ ಅರ್ಥವಲ್ಲ. ಒಂದು ಗುಂಡಿ ಅಗೆದು ನೋಡಿ ಇಡೀ ಬೆಟ್ಟಕ್ಕೆ ಪ್ರಮಾಣಪತ್ರ ಕೊಡುವುದು ಅಪಾಯದ ಅಭ್ಯಾಸ.

ಒಂದು ಫೆಬ್ರವರಿಯ ದಿನ ಸ್ಟೀವನ್ಸ್ ಪಾಸ್ ಎದುರಿನ ಸ್ಕೈಲೈನ್ ರಿಡ್ಜ್ ಅನ್ನುವ ಬೆಟ್ಟದ ಏಣನ್ನು ಹತ್ತುತ್ತಿದ್ದೆವು. ಮುನ್ಸೂಚನೆ 3, ಎರಡು ದಿನದ ಹೊಸ ಹಿಮ. ರಿಡ್ಜಿನ ಈ ಬದಿ ಹೆಚ್ಚು ಕಡಿದಾಗಿಲ್ಲ, ಅದಕ್ಕೇ ಆ ಜಾಗ ಆರಿಸಿದ್ದು. ಆಚೆ ಬದಿ ಕಡಿದು, ಅಲ್ಲಿಗೆ ಇಳಿಯುವುದಿಲ್ಲ ಅಂತ ಹಿಂದಿನ ರಾತ್ರಿಯೇ ಬರೆದಿತ್ತು. ದಾರಿಯಲ್ಲಿ ಮನೆಯ ಮೆಟ್ಟಿಲಿನಷ್ಟು ಎತ್ತರದ ಒಂದು ಸಣ್ಣ ಏರು ಸಿಕ್ಕಿತು. ಜಾರಿದರೂ ಯಾರನ್ನೂ ಹೂಳದಷ್ಟು ಸಣ್ಣದು. ಇಂಥವನ್ನು ನಾನು ಬಿಡುವುದಿಲ್ಲ, ಪರೀಕ್ಷೆಗೆ ಬಳಸುತ್ತೇನೆ. ಅದರ ಮೇಲ್ಭಾಗದಲ್ಲಿ ಸ್ಕೀಯಿಂದ ಜೋರಾಗಿ ತುಳಿದೆ. ಬಿರುಕು ನನ್ನ ಸ್ಕೀ ತುದಿಯಿಂದ ಮರದವರೆಗೆ ಸರ್ರನೆ ಓಡಿತು. ತುದಿ ತಲುಪಿದಾಗ ಜೊತೆಗಿದ್ದ ಹುಡುಗ ಆಚೆ ಬದಿ ನೋಡಿ, "ಅಕ್ಕಾ, ಇಷ್ಟು ದೂರ ಬಂದಿದ್ದೀವಿ, ಒಂದೇ ಒಂದು ಸಲ ಇಳಿಯೋಣ್ವಾ?" ಅಂದ. "ಆ ಬಿರುಕು ನೋಡಿದೆ ಅಲ್ವಾ? ಅದೇ ಹಿಮ ಅಲ್ಲೂ ಇದೆ, ಅಲ್ಲಿ 38 ಡಿಗ್ರಿ," ಅಂದೆ. ಬಂದ ಬದಿಯಲ್ಲೇ ಇಳಿದೆವು. ಮೊಣಕಾಲುದ್ದ ಹಿಮ, 25 ಡಿಗ್ರಿ. ಚೆನ್ನಾಗಿತ್ತು. ಕಡಿಮೆ ಇಳಿಜಾರಿನಲ್ಲಿ ಸ್ಕೀ ಮಾಡುವುದು ಬೇಜಾರು ಅನ್ನುವವರು ಒಳ್ಳೆಯ ಹಿಮದ ದಿನ ಒಮ್ಮೆ ಮಾಡಿ ನೋಡಬೇಕು.

ಆ ಹುಡುಗನ ಮಾತು ಸಹಜ. ಕಲಿತವರಲ್ಲೂ ಈ ಸೆಳೆತ ಇರುತ್ತದೆ. 2012ರ ಫೆಬ್ರವರಿ 19ರಂದು ಅದೇ ಸ್ಟೀವನ್ಸ್ ಪಾಸ್ ರೆಸಾರ್ಟಿನ ಹಿಂಬದಿಯ ಟನೆಲ್ ಕ್ರೀಕ್‌ನಲ್ಲಿ 16 ಜನ ಸೇರಿ ಇಳಿಯಲು ಹೊರಟರು. ಅವರಲ್ಲಿ ಸ್ಕೀಯನ್ನೇ ಬದುಕು ಮಾಡಿಕೊಂಡವರು, ಆ ಬೆಟ್ಟವನ್ನು ವರ್ಷಗಟ್ಟಲೆ ಬಲ್ಲವರು ಇದ್ದರು. ಹಿಮ ಕಿತ್ತುಬಂತು, ಮೂರು ಜನ ಸತ್ತರು. ಹಿಮಕ್ಕೆ ಸಿಕ್ಕಿದರೂ ಬೆನ್ನುಚೀಲದ ಗಾಳಿಚೀಲ (ಏರ್‌ಬ್ಯಾಗ್) ಬಿಚ್ಚಿಕೊಂಡ ಒಬ್ಬರು ಬದುಕಿದರು. ಇಯಾನ್ ಮೆಕ್ಯಾಮನ್ ಅನ್ನುವ ಸಂಶೋಧಕರು ಅಮೆರಿಕದ 715 ಹಿಮಕುಸಿತ ಅಪಘಾತಗಳನ್ನು ಕೂಡಿಸಿ ನೋಡಿದ್ದಾರೆ. ಪರಿಚಿತ ಜಾಗ ಅನ್ನುವ ಧೈರ್ಯ, ಹೊರಟಾಗಿದೆ ಇನ್ನು ಬಿಡಬಾರದು ಅನ್ನುವ ಹಟ, ಗುಂಪಿನಲ್ಲಿ ಒಬ್ಬರು ಬಲ್ಲವರಿದ್ದಾರೆ ಅನ್ನುವ ಭರವಸೆ, ಬೇರೆಯವರಿಗಿಂತ ಮೊದಲು ಇಳಿಯಬೇಕು ಅನ್ನುವ ಆತುರ. ಅಪಾಯದ ಸುಳಿವು ಕಣ್ಣೆದುರು ಇದ್ದರೂ ಜನ ಮುಂದೆ ಹೋಗುವುದಕ್ಕೆ ಇಂಥವೇ ಕಾರಣ ಅಂತ ಅವರು ತೋರಿಸಿದರು.

ಅದಕ್ಕೆ ನಮ್ಮ ತಂಡ ಸಣ್ಣದು, ಮೂರು ಅಥವಾ ನಾಲ್ಕು ಜನ. ಯಾರೇ ಒಬ್ಬರು ಬೇಡ ಅಂದರೂ ಎಲ್ಲರಿಗೂ ಬೇಡ. ಕಾರಣ ಕೇಳುವುದಿಲ್ಲ, ಒಪ್ಪಿಸಲು ಹೋಗುವುದಿಲ್ಲ. ಇದರಲ್ಲಿ ನಾನು ಒಂದು ಕೆಲಸ ಮಾಡುತ್ತೇನೆ. ಎಲ್ಲರಿಗಿಂತ ಹೊಸಬರನ್ನು ಮೊದಲು ಕೇಳುತ್ತೇನೆ, ನನ್ನ ಅಭಿಪ್ರಾಯ ಕೊನೆಗೆ ಹೇಳುತ್ತೇನೆ. ನಾನು ಮೊದಲು ಹೇಳಿದರೆ ಅವರು ಅಕ್ಕ ಹೇಳಿದ್ದಾಳೆ ಅಂತ ಸುಮ್ನೆ ತಲೆ ಆಡಿಸುತ್ತಾರೆ. ನಮ್ಮಲ್ಲಿ ದೊಡ್ಡವರ ಮಾತಿಗೆ ಎದುರಾಡುವುದು ಕಷ್ಟ. ಬೆಟ್ಟದಲ್ಲಿ ಆ ಸಂಕೋಚ ಇರಬಾರದು. ಇಳಿಯುವಾಗ ಒಬ್ಬರಾದ ಮೇಲೆ ಒಬ್ಬರು. ಇಳಿದವರು ಹಾದಿಯ ಪಕ್ಕ, ದಟ್ಟ ಮರಗಳ ನಡುವೆ ಅಥವಾ ಎತ್ತರದ ದಿಬ್ಬದ ಮೇಲೆ ನಿಂತು ಮುಂದಿನವರನ್ನು ಕಣ್ಣು ಕದಲಿಸದೆ ನೋಡುತ್ತಾರೆ. ಕುಸಿತ ಆದರೆ ಕೊನೆಯ ಬಾರಿ ಎಲ್ಲಿ ಕಂಡರು ಅನ್ನುವುದೇ ಹುಡುಕಾಟದ ಮೊದಲ ಗುರುತು.

ಹೂತವರ ವಿಷಯಕ್ಕೆ ಬಂದರೆ ಕರ್ನಾಟಕದವರ ಮನಸ್ಸಿನಲ್ಲಿ ಒಂದು ಹೆಸರಿದೆ. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಹಿಮಕುಸಿತ ಹತ್ತು ಸೈನಿಕರನ್ನು ಹೂತುಹಾಕಿತು. ಆರು ದಿನದ ಮೇಲೆ ಸುಮಾರು 25 ಅಡಿ ಹಿಮದ ಕೆಳಗೆ ಅವರು ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಸ್ಕೀಗೆ ಹೋಗುವ ಸುದ್ದಿ ತಿಳಿದಾಗ ಅವ್ವ ಫೋನಿನಲ್ಲಿ, "ಹನುಮಂತಪ್ಪ ಆರು ದಿನ ಹಿಮದಾಗ ಉಳದಿದ್ನಲ್ಲವ್ವಾ" ಅಂದಳು. ಮಗಳಿಗೆ ಏನೂ ಆಗದಿರಲಿ ಅನ್ನುವ ಆಸೆ ಆ ಮಾತಿನಲ್ಲಿತ್ತು. ಆದರೆ ಅವರು ಇದ್ದದ್ದು ಡೇರೆಯೊಳಗೆ, ಅಲ್ಲಿ ಗಾಳಿಗೆ ಜಾಗ ಉಳಿದಿತ್ತು. ಸ್ಕೀ ಮಾಡುವವರ ಸುತ್ತ ಏನೂ ಇರುವುದಿಲ್ಲ. ಹಿಮ ಬಾಯಿ, ಮೂಗಿಗೆ ಅಂಟಿ ಬಿಗಿಯುತ್ತದೆ. ಹೊರಬಿಟ್ಟ ಉಸಿರೇ ಮುಖದ ಮುಂದೆ ಮಂಜುಗಡ್ಡೆ ಆಗುತ್ತದೆ. ಮೊದಲ ಹತ್ತು ನಿಮಿಷದೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಆಯಿತು ಅಂದರೆ ಮೂವರಲ್ಲಿ ಒಬ್ಬರು. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ಪಕ್ಕದಲ್ಲಿರುವವರೇ ತೆಗೆಯಬೇಕು.

ಹಾಗಾಗಿ ಅಕ್ಟೋಬರ್‌ನಲ್ಲಿ, ಹಿಮ ಬೀಳುವ ಮೊದಲೇ, ಮನೆ ಹತ್ತಿರದ ಪಾರ್ಕಿನಲ್ಲಿ ಅಭ್ಯಾಸ ಶುರು ಮಾಡುತ್ತೇವೆ. ಒಬ್ಬರು ಟ್ರಾನ್ಸೀವರನ್ನು ಡಬ್ಬಿಯಲ್ಲಿಟ್ಟು ಒಣಗಿದ ಎಲೆಗಳ ಅಡಿ ಬಚ್ಚಿಡುತ್ತಾರೆ. ಉಳಿದವರು ಹುಡುಕಬೇಕು. ಸಂಕೇತ ಸಿಗುವವರೆಗೆ ಓಡಬಹುದು. ಸಿಕ್ಕ ಮೇಲೆ ಸಾಧನದ ಪರದೆಯ ಬಾಣದ ಗುರುತು ಹಿಡಿದು ಹೋಗಬೇಕು. ಮೂರು ಮೀಟರ್ ಒಳಗೆ ಬಂದಾಗ ನಿಧಾನ, ಸಾಧನವನ್ನು ನೆಲಕ್ಕೆ ತಾಗಿಸಿ, ತಿರುಗಿಸದೆ ಹಿಂದೆ ಮುಂದೆ, ಎಡ ಬಲ. ದೂರದ ಅಂಕಿ ಅತಿ ಕಡಿಮೆ ಬಂದ ಕಡೆ ಪ್ರೋಬ್ ಚುಚ್ಚಿ, ಅಲ್ಲಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಹೊರಗೆ ಹೋಗಬೇಕು. ತಾಗಿದ ಮೇಲೆ ಪ್ರೋಬ್ ಕೀಳಬಾರದು.

ಜನ ಅಭ್ಯಾಸ ಮಾಡದೆ ಬಿಡುವುದು ಅಗೆಯುವುದನ್ನು. ಹೆಚ್ಚು ಸಮಯ ತಿನ್ನುವುದು ಅದೇ. ಒಂದು ಮೀಟರ್ ಆಳ ಹೂತವರನ್ನು ತೆಗೆಯಲು ಒಂದು ಟನ್ನಿಗೂ ಹೆಚ್ಚು ಹಿಮ ಸರಿಸಬೇಕಾಗಬಹುದು. ಪ್ರೋಬಿನ ನೇರ ಮೇಲೆ ನಿಂತು ಬಾವಿ ತೋಡಿದಂತೆ ತೋಡಬಾರದು. ಇಳಿಜಾರಿನ ಕೆಳಗಿನಿಂದ, ಆಳದ ಒಂದೂವರೆ ಪಟ್ಟು ದೂರದಲ್ಲಿ ಶುರು ಮಾಡಿ ಅಡ್ಡಕ್ಕೆ ಒಳಗೆ ಹೋಗಬೇಕು. ಮುಂದಿನವರು ಕತ್ತರಿಸುತ್ತಾರೆ, ಹಿಂದಿನವರು ಹಿಂದಕ್ಕೆ ತಳ್ಳುತ್ತಾರೆ, ನಿಮಿಷಕ್ಕೊಮ್ಮೆ ಜಾಗ ಬದಲು. ರೆಸಾರ್ಟ್ ಪಾರ್ಕಿಂಗ್ ಪಕ್ಕ ಹಿಮ ತಳ್ಳುವ ಗಾಡಿಗಳು ರಾಶಿ ಹಾಕಿದ ಹಿಮದಲ್ಲಿ ಇದನ್ನು ಮಾಡುತ್ತೇವೆ. ಆ ಹಿಮ ಕುಸಿತದ ಹಿಮದಷ್ಟೇ ಗಟ್ಟಿ. ಐದು ನಿಮಿಷಕ್ಕೆ ತೋಳು ಸೋಲುತ್ತದೆ.

ಸ್ಕೀ ಮಾಡದವರಿಗೂ ಒಂದು ಮಾತು. ಊರಿನಿಂದ ಬಂದ ಅಪ್ಪ ಅಮ್ಮನ ಜೊತೆ ಜುಲೈನಲ್ಲಿ ಸ್ನೋ ಲೇಕ್ ದಾರಿಯಲ್ಲಿ ನಡೆದವರು ಚಳಿಗಾಲದಲ್ಲಿ ಅದೇ ದಾರಿಗೆ ಸ್ನೋಶೂ ಹಾಕಿಕೊಂಡು ಹೊರಡುತ್ತಾರೆ. ಚಳಿಗಾಲದಲ್ಲಿ ಆ ದಾರಿ ಹಿಮ ಕುಸಿಯುವ ಹಾದಿಗಳ ಕೆಳಗೆ ಅಡ್ಡ ಹಾಯುತ್ತದೆ. ದಾರಿ ಸಮತಟ್ಟಾಗಿದೆ ಅಂತ ಅಪಾಯ ಇಲ್ಲ ಅಂದುಕೊಳ್ಳಬೇಡಿ. ತಲೆ ಎತ್ತಿ ಮೇಲೆ ನೋಡಿ. ಮರಗಳೇ ಇಲ್ಲದ ಪಟ್ಟಿ ಬೆಟ್ಟದಿಂದ ಕೆಳಗಿನವರೆಗೆ ಇಳಿದಿದ್ದರೆ ಹಿಮವೇ ಆ ಮರಗಳನ್ನು ಕಿತ್ತುಕೊಂಡು ಹೋಗಿದೆ. ಇನ್ನು ಆಳ ಹಿಮದಲ್ಲಿ ದೊಡ್ಡ ಮರದ ಬುಡದ ಸುತ್ತ ಟೊಳ್ಳು ಇರುತ್ತದೆ. ತಲೆಕೆಳಗಾಗಿ ಬಿದ್ದರೆ ತಾನಾಗಿ ಎದ್ದು ಬರುವುದು ಕಷ್ಟ. ಮಕ್ಕಳನ್ನು ಅದರಿಂದ ದೂರ ಇಡಿ.

ಹಿಮಕುಸಿತ ಸ್ಕೀ ಮಾಡುವವರ ತಲೆನೋವು, ನಾವು ಹತ್ತುವವರು ಅಂತ ಹೇಳುವ ಆರೋಹಿಗಳನ್ನೂ ಕಂಡಿದ್ದೇನೆ. 2023ರ ಫೆಬ್ರವರಿಯಲ್ಲಿ ಇಲ್ಲಿನ ಕೋಲ್ಚಕ್ ಶಿಖರದ ಕೊರಕಲಿನಲ್ಲಿ ಹತ್ತುತ್ತಿದ್ದ ತಂಡದ ಮೂವರು ಹಿಮಕುಸಿತಕ್ಕೆ ಬಲಿಯಾದರು. ಭಾರತದಲ್ಲಿ 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾ-2ರಲ್ಲಿ ತರಬೇತಿಗೆ ಹೋದವರಲ್ಲಿ ಎರಡು ಡಜನ್ನಿಗೂ ಹೆಚ್ಚು ಜನ ಹಿಮಕುಸಿತದಲ್ಲಿ ಸತ್ತರು. ಅದು ಚಳಿಗಾಲವೂ ಆಗಿರಲಿಲ್ಲ. ಕೊರಕಲು ಅಂದರೆ ಮೇಲಿನ ಹಿಮವೆಲ್ಲಾ ಬಂದು ಕೂಡುವ ಜಾಗ. ಒಂದೇ ಹಗ್ಗದಲ್ಲಿ ನಾಲ್ಕು ಜನ ಕಟ್ಟಿಕೊಂಡು ಅದರಲ್ಲಿ ಇದ್ದರೆ ಒಬ್ಬರಿಗಾದದ್ದು ನಾಲ್ವರಿಗೂ ಆಗುತ್ತದೆ. ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಸ್ಕೀ ಮಾಡಲು ಹೋಗುವವರು ಇದನ್ನೂ ನೆನಪಿಡಿ: ಅಲ್ಲಿನ ಕೇಬಲ್ ಕಾರ್ ಎರಡನೇ ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲೆ ಇಳಿಸುತ್ತದೆ. ಗುರುತು ಹಾಕಿದ ಇಳಿಜಾರು ದಾಟಿದರೆ ಅದು ಪೂರ್ತಿ ಬ್ಯಾಕ್‌ಕಂಟ್ರಿ. 2023ರಲ್ಲಿ ಪೋಲೆಂಡಿನ ಇಬ್ಬರು, 2024ರಲ್ಲಿ ರಷ್ಯಾದ ಒಬ್ಬರು ಅಲ್ಲಿ ಹಿಮಕುಸಿತದಲ್ಲಿ ಸತ್ತರು. ಟ್ರಾನ್ಸೀವರ್ ಇಲ್ಲದೆ, ಬಲ್ಲ ಗೈಡ್ ಇಲ್ಲದೆ ಆ ಕಡೆ ಹೋಗಬೇಡಿ.

ಏಪ್ರಿಲ್ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಮೌಂಟ್ ರೇನಿಯರ್‌ನ ಪ್ಯಾರಡೈಸ್‌ನಿಂದ 10,188 ಅಡಿಯ ಕ್ಯಾಂಪ್ ಮ್ಯೂರ್‌ಗೆ ಹೋಗುವಾಗ ಗಡಿಯಾರವೇ ಮುಖ್ಯ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಗಟ್ಟಿ. ಬಿಸಿಲಿಗೆ ಮೇಲ್ಪದರ ಒಂದೆರಡು ಇಂಚು ಸಡಿಲವಾದಾಗ ಇಳಿಯಲು ಸರಿಯಾದ ಹೊತ್ತು. ಬೂಟು ಪಾದ ಮುಚ್ಚುವಷ್ಟು ಹೂಳುತ್ತಿದೆ ಅಂದರೆ ತಡವಾಗಿದೆ. ರಾತ್ರಿ ಮೋಡ ಕವಿದು ಹಿಮ ಹೆಪ್ಪುಗಟ್ಟದಿದ್ದರೆ ನಾನು ಹೊರಡುವುದೇ ಇಲ್ಲ. ಮೇಲಿನ ಹಿಮಬಯಲು ಸೌಮ್ಯವಾಗಿದ್ದರೂ ದಾರಿಯಲ್ಲಿನ ಪನೋರಮಾ ಪಾಯಿಂಟ್ ಬದಿ ಕಡಿದು. ಮಂಜು ಮುಸುಕಿದರೆ ದಾರಿ ತಪ್ಪಿ ಅತ್ತ ಹೋಗುವುದು ಸುಲಭ, ಅದಕ್ಕೆ ಜಿಪಿಎಸ್ ಗೆರೆ ಮೊದಲೇ ಹಾಕಿಕೊಳ್ಳುತ್ತೇನೆ. ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ತುದಿಯಲ್ಲಿ ಬೇರೆ ಎಚ್ಚರ ಬೇಕು. ಕುಳಿಯ ಅಂಚಿನಲ್ಲಿ ಹಿಮ ಗಾಳಿಗೆ ಹೊರಚಾಚಿ ನಿಂತಿರುತ್ತದೆ, ಕೆಳಗೆ ಏನೂ ಇರುವುದಿಲ್ಲ. ಮೇಲೆ ನಿಂತವರಿಗೆ ಅದು ನೆಲದಂತೆಯೇ ಕಾಣುತ್ತದೆ. 2010ರಲ್ಲಿ ಆ ಬೆಟ್ಟವನ್ನು ಎಷ್ಟೋ ಸಲ ಹತ್ತಿದ್ದ ಒಬ್ಬರು ಅದು ಮುರಿದು ಕುಳಿಯೊಳಗೆ ಬಿದ್ದು ತೀರಿಕೊಂಡರು. ಅಂಚಿನಿಂದ ಹಲವು ಮೀಟರ್ ಹಿಂದೆಯೇ ನಿಲ್ಲುತ್ತೇನೆ. ಫೋಟೋ ಅಲ್ಲಿಂದಲೂ ಬರುತ್ತದೆ.

ಬೇಸಿಗೆಗೆ ಸಾಮಾನು ಎತ್ತಿಡುವ ಮೊದಲು ಟ್ರಾನ್ಸೀವರಿನ ಬ್ಯಾಟರಿ ತೆಗೆಯಿರಿ. ಒಳಗೆ ಸೋರಿದರೆ ಸಾಧನ ಹಾಳಾಗುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ತಯಾರಕರು ಹೇಳಿದ ಜಾತಿಯ ಬ್ಯಾಟರಿಯನ್ನೇ ಹಾಕಿ, ರೀಚಾರ್ಜ್ ಆಗುವ ಸಾಮಾನ್ಯ ಬ್ಯಾಟರಿ ಬೇಡ. ಅದರಲ್ಲಿ ಉಳಿದ ಶಕ್ತಿಯ ಅಂಕಿ ತಪ್ಪಾಗಿ ತೋರಿಸುತ್ತದೆ. ಪ್ರೋಬಿನ ದಾರ ಸವೆದಿದೆಯಾ ನೋಡಿ. ಹೊಸದಾಗಿ ಶುರು ಮಾಡುವವರು ಸ್ಕೀ ಕೊಳ್ಳುವ ಮೊದಲು ಮೂರು ದಿನದ ಹಿಮಕುಸಿತ ಕೋರ್ಸಿಗೆ ದುಡ್ಡು ಎತ್ತಿಡಿ. ಡಿಸೆಂಬರ್ ತರಗತಿಗಳು ಸೆಪ್ಟೆಂಬರ್ ಹೊತ್ತಿಗೇ ತುಂಬಿಹೋಗುತ್ತವೆ, ಹಾಗಾಗಿ ಬೇಸಿಗೆಯಲ್ಲೇ ಹೆಸರು ಬರೆಸಿ. ಸಾಧ್ಯವಾದರೆ ಜೊತೆಗೆ ಹೋಗುವ ಗೆಳೆಯರನ್ನೂ ಅದೇ ತರಗತಿಗೆ ಸೇರಿಸಿ, ಯಾಕೆಂದರೆ ನೀವು ಹೂತುಹೋದರೆ ಅಗೆಯುವವರು ಅವರೇ.